ಕದಿರಪ್ಪನ ಬಾಟಲಿಯ ಕೆಂಪು ನೀರು

ಬೆಳಕು ಹರಿಯುವ ಹೊತ್ತು. ಬೈರಕೂರಿನಾಚೆಯ ಕರಡಿಕುಂಟೆ ಕೆರೆ ಏರಿಯ ಬುಡದಲ್ಲಿ ನೀರುಗಂಟಿ ಕದಿರಪ್ಪ ಕುಕ್ಕರಗಾಲಲ್ಲಿ ಕೂತಿದ್ದಾರೆ. ಏರಿಯಿಂದ ಜಿನುಗುವ ನೀರನ್ನು ಹಳೇ ಔಷಧಿ ಬಾಟಲಿಗೆ ಹಿಡಿದು ಸೂರ್ಯನ ಕಡೆಗೆ ಎತ್ತಿ, ಪತ್ರಿಕೆಯಿಂದ ಬಂದ ನಮಗೂ ತೋರಿಸುತ್ತಾರೆ.

"ತಿಳಿ ನೀರಾದ್ರೆ ಭಯವಿಲ್ಲ ಸ್ವಾಮಿ, ಏರಿ ಬೆವರ್ತೈತೆ ಅಷ್ಟೆ. ಕೆಂಪಾದ್ರೆ ಒಳಗಿನ ಮಣ್ಣು ಹೋಗ್ತೈತೆ ಅಂತ."

ಎಂಟು ದಿನದಿಂದ ಕೆಂಪೇ ಬರುತ್ತಿದೆ.

ಐವತ್ತೆಂಟರ ಕದಿರಪ್ಪನವರಿಗೆ ಈ ಕೆಲಸ ಅಪ್ಪನಿಂದ ಬಂದದ್ದು. ತೂಬು ಎತ್ತಿ ಸರದಿಯಂತೆ ಗದ್ದೆಗೆ ನೀರು ಬಿಡಬೇಕು, ಏಡಿ ಕೊರೆದ ಬಿಲಗಳಿಗೆ ಜೇಡಿಮಣ್ಣು ತುರುಕಬೇಕು. ಏರಿಯ ಉದ್ದ ಸಾವಿರದ ನೂರು ಹೆಜ್ಜೆ, ದಿನಕ್ಕೆರಡು ಸಲ ನಡೆಯಬೇಕು. ಸುಗ್ಗಿಯಲ್ಲಿ ಮನೆಗೊಂದು ಹೊರೆ ರಾಗಿ ಕೊಡುತ್ತಾರೆ. ಏರಿಯ ಕೆಳಗೆ ಅರವತ್ತನಾಲ್ಕು ಮನೆಗಳಿವೆ.

ನಾಲ್ಕು ವರ್ಷದ ಹಿಂದೆ ಆಂಧ್ರದ ಕಡೆ ಚಂಡಮಾರುತ ಬಂದು ಹೋದ ಮೇಲೆ ಇಲ್ಲಿಗೂ ನೆರೆ ತಡೆಯುವ ಯೋಜನೆ ಬಂತು. ಏರಿಯ ಮೇಲೆ ಮರ ಇರಬಾರದೆಂದು ಯೋಜನೆಯ ಪುಸ್ತಕ ಹೇಳಿತಂತೆ. ಜೀಪಿನಲ್ಲಿ ಬಂದವರು ಮುತ್ತಾತನ ಕಾಲದ ಹುಣಸೆಮರವನ್ನು ಕಡಿಸಿ, ಬೊಡ್ಡೆಯ ಮೇಲೆ ಮಣ್ಣು ಸುರಿಸಿ ಹೋದರು. "ಬೇರೂ ಕೀಳಿಸಿ, ಮಣ್ಣು ಗಟ್ಟಿಸಿ, ಇಲ್ದಿದ್ರೆ ಒಳಗೆ ಕೊಳೆತು ಪೊಳ್ಳಾಗ್ತದೆ" ಎಂದು ಕದಿರಪ್ಪ ಬೇಡಿಕೊಂಡರು, ಕಾಲು ಹಿಡಿಯುವುದೊಂದು ಬಾಕಿ. ಓದಿದವರು ನೀರುಗಂಟಿಯ ಮಾತು ಕೇಳುವುದುಂಟೇ! ಈಗ ಆ ಬೇರಿನ ಪೊಳ್ಳಿನಲ್ಲೇ ನೀರು ದಾರಿ ಮಾಡಿಕೊಂಡಿದೆ.

ಬಾಟಲಿ ಹಿಡಿದು ಮೂರು ಸಲ ಬಸ್ಸು ಹತ್ತಿ ಯೋಜನೆಯ ಕಚೇರಿಗೆ ಹೋಗಿದ್ದಾರೆ. ಮಧ್ಯಾಹ್ನದವರೆಗೆ ಹೊರಗೆ ಕೂರಿಸಿದರು. ಅಷ್ಟರಲ್ಲಿ ಮಣ್ಣು ತಳಕ್ಕೆ ಕೂತಿತ್ತು.

"ತಿಳಿಯಾಗೇ ಐತಲ್ಲಯ್ಯಾ ಅಂದ್ರು. ಕುಲುಕಿ ತೋರಿಸ್ದೆ. ಕುಲುಕಬ್ಯಾಡ, ಕಾಗದದ ಮ್ಯಾಲೆ ಚೆಲ್ತೀಯ ಅಂತ ಗದರಿದ್ರು. ಪಟ್ಟೀಲಿ ನಿಮ್ಮ ಕೆರೆ ಭದ್ರ ಅಂತ ಬರೆದಾಗೈತೆ, ಬರದ ಜಿಲ್ಲೆಗೆ ನೆರೆ ಎಲ್ಲಿಂದ ಬಂತು ಅಂತ ನಕ್ರು."

ಊರವರೂ ನಗುತ್ತಾರೆ. ಸರ್ಕಾರವೇ ಭದ್ರ ಎಂದಿರುವಾಗ ನಿಂದೇನ್ಲಾ ಎನ್ನುತ್ತಾರೆ. ಹೆಂಡತಿ ಚಿಕ್ಕಗಂಗಮ್ಮ ಮಾತ್ರ ಪಾತ್ರೆ ಬಟ್ಟೆ ಗಂಟು ಕಟ್ಟಿಟ್ಟಿದ್ದಾರೆ. ಈ ಎಂಬತ್ತೊಂದನೇ ಇಸವಿಯ ಹಿಂಗಾರು ಬಿಡುವ ಹಾಗೆ ಕಾಣುವುದಿಲ್ಲ. ಕೋಡಿ ಹರಿಯಲು ಒಂದು ಮೊಳ ಬಾಕಿ.

ನಾವು ಫೋಟೋಕ್ಕೆ ನಿಲ್ಲಿಸಿದರೆ ಕದಿರಪ್ಪ ಪಕ್ಕಕ್ಕೆ ಸರಿಯುತ್ತಾರೆ. "ನನ್ನ ಪಟ ಯಾಕೆ ಸ್ವಾಮಿ, ಇದನ್ನ ತೆಗೀರಿ" ಎಂದು ಬಾಟಲಿ ಕುಲುಕಿ ಎತ್ತಿ ಹಿಡಿಯುತ್ತಾರೆ. "ಪೇಪರಲ್ಲಿ ಕೆಂಪು ಕಾಣ್ತದಾ?"

ಕಾಣುವುದಿಲ್ಲ, ಪೇಪರು ಕಪ್ಪು ಬಿಳುಪು ಎನ್ನಬೇಕಾಗುತ್ತದೆ.

ಅವರ ಕೈ ಬಾಟಲಿಯನ್ನು ಕುಲುಕುತ್ತಲೇ ಇದೆ.

"ಹಂಗಾದ್ರೆ ಕೆಂಪಗೈತೆ ಅಂತ ಅಕ್ಷರದಾಗೇ ಬರೀರಿ ಸ್ವಾಮಿ."