ಮೂರು ದಿನ ಮನೆಯಲ್ಲಿಟ್ಟ ವಜ್ರ

ಹೊಸೂರು ಪಕ್ಕದ ಮೂಕಂಡಪಲ್ಲಿಯಲ್ಲಿ ಫ್ಯಾಕ್ಟರಿಗಳು ಆಗಷ್ಟೇ ಏಳುತ್ತಿದ್ದ ಕಾಲ. ಹೊಸೂರಿನ ಬಜಾರಿನಲ್ಲಿ ನನ್ನ ಬೋನಸ್ಸಿಗೆ ಎಟುಕಿದ ವಜ್ರದುಂಗುರ ಒಂದೇ ಒಂದು. ಕಲ್ಲು ಎಳ್ಳುಕಾಳಿನಷ್ಟು. ನಿಶ್ಚಿತಾರ್ಥಕ್ಕೆ ವಜ್ರವೇ ಬೇಕೆಂದು ಹೆಣ್ಣಿನ ಕಡೆಯವರು ಕೇಳಿರಲಿಲ್ಲ. ಕೆಲಸ ಸಿಕ್ಕ ಜಂಬದಲ್ಲಿ ನಾನೇ ಮಾತು ಕೊಟ್ಟಿದ್ದೆ.

ವಜ್ರ ಕೆಲವರಿಗೆ ಆಗಿಬರುವುದಿಲ್ಲ, ಕೊಳ್ಳುವ ಮೊದಲು ಮೂರು ದಿನ ಮನೆಯಲ್ಲಿಟ್ಟು ನೋಡಬೇಕು ಎಂದು ಅವ್ವ ಹಟ ಹಿಡಿದಳು. ಅಂಗಡಿಯವನಿಗೂ ಈ ಪದ್ಧತಿ ಗೊತ್ತಿತ್ತು. ಮುಂಗಡ ಇಟ್ಟುಕೊಂಡು ಉಂಗುರ ಕೊಟ್ಟ. ಅವ್ವ ಅದನ್ನು ದೇವರ ಗೂಡಿನಲ್ಲಿಟ್ಟಳು. ನನಗೆ ಅಲ್ಲಿಂದ ನೆಮ್ಮದಿಯಿಲ್ಲ. ಹಸು ಹಾಲು ಕಡಿಮೆ ಕೊಟ್ಟರೆ ಗೂಡಿನ ಕಡೆ ನೋಡುತ್ತಿದ್ದೆ. ಅಪ್ಪ ಕೆಮ್ಮಿದರೆ ಅವರ ಮೇಲೇ ಸಿಟ್ಟು.

ಮೂರನೆಯ ದಿನ ಫ್ಯಾಕ್ಟರಿಯಲ್ಲಿ ಲೇತಿನಿಂದ ಸಿಡಿದ ಕಬ್ಬಿಣದ ಚೂರು ನನ್ನ ಎಡಗೈಯನ್ನು ಸೀಳಿತು. ಹೊಲಿಗೆ ಹಾಕಿಸಿಕೊಂಡು, ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ ಮನೆಗೆ ಬಂದೆ.

"ಏನೂ ಕೆಟ್ಟದ್ದು ಆಗ್ಲಿಲ್ವೇನ್ಲಾ?" ಅವ್ವ ಕೇಳಿದಳು.

"ಏನೂ ಇಲ್ಲ ಕಣವ್ವಾ."

ಮರುದಿನ ಪೂರ್ತಿ ದುಡ್ಡು ಕಟ್ಟಿ ಬಂದ ಮೇಲೆ ಕೈ ಹೊರಗೆ ತೆಗೆದೆ. ಗಾಯ ಇವತ್ತು ಆಯಿತು ಎಂದೆ. ಅವ್ವ ನಂಬಿದಳು.

ಮದುವೆಯಾಗಿ ವರ್ಷಗಳಾದವು. ಇಂದಿಗೂ ಮಗುವಿಗೆ ಜ್ವರ ಬಂದರೆ, ಊರಿನಿಂದ ಅವ್ವ ಬರಬೇಕಾದ ರಾಯಕೋಟೆ ಬಸ್ಸು ತಡವಾದರೆ, ನನ್ನ ಕಣ್ಣು ಮೊದಲು ಹೋಗುವುದು ಹೆಂಡತಿಯ ಬೆರಳಿಗೆ. ಸಣ್ಣ ಕಲ್ಲು ತಂದೆನೆಂದು ನಾನು ಕೊರಗುತ್ತಿದ್ದೇನೆ ಅಂದುಕೊಂಡಿದ್ದಾಳೆ ಅವಳು.

"ಎಷ್ಟು ಕಿತ ನೋಡಿದ್ರೂ ಅದು ದೊಡ್ಡದಾಗಲ್ಲ ಬುಡಿ," ಎಂದು ನಗುತ್ತಾಳೆ.