ಖಾಲಿ ಖುರ್ಚಿ ಮತ್ತು ಜಂಪರಿನ ಗಂಟು

ನನ್ನ ಮಗಳು ಸಗರದಲ್ಲಿ ಊರ ಹೆಂಗಸರಿಗೆ ಜಂಪರ್, ಅಂದರೆ ರವಿಕೆ, ಹೊಲಿಯುತ್ತಿದ್ದಳು. ಜ್ವರ ಬಂತು, ಕಣ್ಣು ಹಳದಿಯಾಗಿ ಕಾಮಣಿ ಆಯಿತು, ಸತ್ತಳು. ಅದನ್ನು ಉದ್ದ ಮಾಡಿ ಬರೆದರೆ ಆಕೆ ಎದ್ದು ಬರುವುದಿಲ್ಲ. ಆಕೆಗೆ ಒಬ್ಬಳೇ ಮಗಳು, ಶಹಾಪುರದಲ್ಲಿ ಕಾಲೇಜು ಕಲಿಯುವವಳು. ಈ ಹುಡುಗಿ ಹೆಣದ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಗೋಡೆಗೆ ಆತುಕೊಂಡು ಮೊಬೈಲ್ ನೋಡುತ್ತ ಕುಂತಳು. ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು.

ತಂಟೆ ಶುರುವಾದದ್ದು ಆಮೇಲೆ. ಮಗಳು ಕತ್ತರಿಸಿಟ್ಟ ಜಂಪರ್ ಬಟ್ಟೆಗಳು ಒಂದು ಗಂಟಿನಲ್ಲಿ ಹಾಗೇ ಉಳಿದಿದ್ದವು. ಹೆಂಗಸರು ಮಾತಾಡಿಸಲು ಬರುವರು, ನನ್ನ ಕೊರಳಿಗೆ ಬಿದ್ದು ಅಳುವರು, ಮೂಗು ಒರೆಸಿಕೊಂಡು, "ನನ್ ಕೆಂಪ ಜಂಪರ್ ಎಲ್ಲಿಟ್ಟಾಳೋ ಏನೋ" ಎನ್ನುವರು. ತಪ್ಪೇನಿಲ್ಲ, ಬಟ್ಟೆ ಅವರದು. ಆದರೆ ಮೊಮ್ಮಗಳು ಗಂಟಿನ ಮೇಲೆ ಹೋಗಿ ಕುಂತಳು. ಎಳೆಯಲು ಬಂದ ಒಬ್ಬಾಕೆಯ ಚಪ್ಪಲಿ ಎತ್ತಿ ಚರಂಡಿಗೆ ಎಸೆದಳು. ಕಾಲೇಜಿನಲ್ಲಿ ಒಬ್ಬ ಹುಡುಗಿ, "ನಮ್ಮವ್ವನ ಜಂಪರ್ ನಿಮ್ ಮನ್ಯಾಗ ಉಳದದ" ಎಂದದ್ದಕ್ಕೆ ಊಟದ ಡಬ್ಬಿಯಿಂದ ಬಾರಿಸಿದಳು. ಡಬ್ಬಿ ಸೊಟ್ಟಾಯಿತು. ಆ ಹುಡುಗಿಯ ಹಲ್ಲು ಗಟ್ಟಿ ಇದ್ದವು, ಪುಣ್ಯ.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ಅಮ್ಮಾರ, ಯಾದಗಿರಿ ದವಾಖಾನ್ಯಾಗ ಮನಸ್ಸಿನ ಡಾಕ್ಟರ್ ಇದಾರ. ಅವ್ರು ಹೂಂ ಅಂದ್ರ ಇಕಿನ್ನ ಕ್ಲಾಸಿನಾಗ ಕೂಡಸ್ತೀವಿ. ಇಲ್ಲಂದ್ರ ಹೆಸರು ತಗೀತೀವಿ."

ಹೆಸರು ತೆಗೆದರೆ ಮುಗಿಯಿತು. ಆಕೆಯ ಅಪ್ಪ ಎಂದೋ ಬೇರೆ ಹೆಂಡತಿ ಮಾಡಿಕೊಂಡು ಸುರಪುರದಲ್ಲಿದ್ದಾನೆ. ಹೆಣ ಎತ್ತಲು ಬರದವನು ಮಗಳಿಗೆ ವರ ಗೊತ್ತು ಮಾಡಿಕೊಂಡು ಮಾತ್ರ ಬಂದಿದ್ದ. ಕಾಲೇಜು ತಪ್ಪಿದ ದಿನವೇ ಲಗ್ನ ಎಂದು ಹೇಳಿ ಹೋಗಿದ್ದ.

ಯಾದಗಿರಿ ಬಸ್ಸಿನಲ್ಲಿ ಹುಡುಗಿ ನನಗೆ ಹೇಳಿದಳು, "ಆಯಿ, ಇದನ್ನ ಸಿನಿಮಾದಾಗ ನೋಡೀನಿ. ಡಾಕ್ಟರ್ ಕೆಣಕಿ ಕೆಣಕಿ ಕೇಳ್ತಾರ, ಕಡೀಗೆ ಹೀರೋ ಅಳ್ತಾನ, ಎಲ್ಲಾ ಚೊಲೋ ಆಗ್ತದ. ನಾ ಅಳಂಗಿಲ್ಲ."

"ಅಳಬ್ಯಾಡ. ಬಾಯಾದ್ರೂ ತಗಿ."

"ಬಾಯೀನೂ ತಗ್ಯಂಗಿಲ್ಲ."

ತೆಗೆಯಲಿಲ್ಲ. ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಒಂದು ಮಾತು ಕೇಳಿ ಸುಮ್ಮನೆ ಕೂಡುವಳು. ಇವಳೂ ಸುಮ್ಮನೆ ಕೂಡುವಳು. ನನಗೆ ನಿದ್ದೆ ಬರುತ್ತಿತ್ತು. ಎರಡನೇ ಸಲ ಹೋದಾಗ ತಡೆಯಲಾರದೆ ಕೇಳಿದೆ.

"ಒಂದ್ ಸೂಜಿ ಮಾಡಿ ಬಿಡ್ರಲ್ಲ."

"ಇದಕ್ಕ ಸೂಜಿ ಇಲ್ಲಮ್ಮ."

ಸೂಜಿ ಮಾಡದವಳು ಯಾವ ಡಾಕ್ಟರ್ ಎಂದುಕೊಂಡೆ. ಆದರೆ ಹೂಂ ಎನ್ನಬೇಕಾದವಳು ಆಕೆಯೇ. ಅದಕ್ಕೆ ಬಾಯಿ ಮುಚ್ಚಿಕೊಂಡೆ.

ಮೂರನೇ ಸಲ ಡಾಕ್ಟರ್ ಒಂದು ಖಾಲಿ ಖುರ್ಚಿ ಎಳೆದು ಹುಡುಗಿಯ ಮುಂದಿಟ್ಟಳು. "ಇದರಾಗ ನಿಮ್ಮವ್ವ ಕುಂತಾರ ಅಂತ ತಿಳ್ಕೊ. ಅವ್ರಿಗೆ ಏನ್ ಹೇಳಬೇಕೋ ಹೇಳು."

ಹುಡುಗಿ ಫ್ಯಾನ್ ನೋಡಿದಳು.

ಸತ್ತವರನ್ನು ಮುಂದೆ ಕೂಡಿಸಿ ಮಾತಾಡು ಎಂದರೆ ನಮ್ಮ ಕಡೆ ಇರುವುದು ಒಂದೇ ರೀತಿ. ಇವಳಿಗೆ ಅದು ಬರುವುದಿಲ್ಲ, ನಾನಾದರೂ ಮಾಡೋಣ, ಡಾಕ್ಟರಿಗೆ ಸಮಾಧಾನವಾಗಲಿ ಎಂದು ನೆಲಕ್ಕೆ ಕುಂತೆ. ತಲೆ ತುಂಬ ಸೆರಗು ಹೊದ್ದು, ಖುರ್ಚಿಯ ಕಾಲು ಹಿಡಿದು, ಹಾಡ್ಯಾಡಿ ಅಳಲು ಶುರು ಮಾಡಿದೆ.

"ಸೂಜಿ ದಾರ ಹಂಗೇ ಬಿಟ್ಟು ಹೋದ್ಯಲ್ಲ ನನ ಮಗಳೇ... ಊರ ಮಂದಿ ಅಳತಿ ತಲ್ಯಾಗೇ ಒಯ್ದ್ಯಲ್ಲ ನನ ಮಗಳೇ... ಯಾವ ಜಂಪರ್ ಯಾರದಂತ ಹೇಳದ ಹೋದ್ಯಲ್ಲ..."

ನನ್ನ ಕೊರಳು ಚೆನ್ನಾಗಿದೆ. ಸಾವಿನ ಮನೆಗೆ ಜನ ನನ್ನನ್ನು ಹುಡುಕಿ ಕರೆಯುತ್ತಾರೆ.

ಬಾಗಿಲು ತೆರೆಯಿತು. ಹೊರಗೆ ಪಾಳಿಗೆ ಕುಂತಿದ್ದ ಹೆಂಗಸರು ಒಳಗೆ ಬಂದರು. ಹಾಡ್ಯಾಡಿ ಅಳುವುದು ಕಿವಿಗೆ ಬಿದ್ದ ಮೇಲೆ ಹೊರಗೆ ಕೂಡುವುದು ಮರ್ಯಾದೆ ಅಲ್ಲ. ಒಬ್ಬಾಕೆ ತಮ್ಮನ ಹೆಸರು ಹಿಡಿದು ಅತ್ತಳು. ಎಕ್ಸ್‌ರೇ ಲಕೋಟೆ ಹಿಡಿದಿದ್ದ ದಪ್ಪನೆಯ ಹೆಂಗಸು ನನ್ನನ್ನು ತಬ್ಬಿಕೊಂಡು ತನ್ನ ಅತ್ತೆಗೆ ಅತ್ತಳು. ಅದು ಕಾಟಾಚಾರದ್ದು ಎಂದು ನನಗೆ ಆಗಲೇ ತಿಳಿಯಿತು. "ಅಮ್ಮಾ, ಸ್ವಲ್ಪ ತಡೀರಿ" ಎಂದು ಡಾಕ್ಟರ್ ನಡುವೆ ಬಂದರೆ, ಆ ದಪ್ಪನೆಯಾಕೆ ಅವಳ ಕೈ ಹಿಡಿದು ನೆಲಕ್ಕೆ ಕೂಡಿಸಿಯೇ ಬಿಟ್ಟಳು. "ನೀನೂ ಅಳವ್ವ. ದಿನಾ ಎಷ್ಟ್ ಮಂದಿದು ಕೇಳ್ತೀದಿ, ಪಾಪ."

ಮೊಮ್ಮಗಳು ಜಿಗಿದೆದ್ದಳು. "ಸುಮ್ಕಿರ್ರಿ! ನಮ್ಮವ್ವಗ ನೀವ್ಯಾಕ ಅಳ್ತೀರಿ? ನಿಮಗೇನು ಗೊತ್ತು ಆಕಿ?"

ದಪ್ಪನೆಯ ಹೆಂಗಸು ನಳ ತಿರುವಿದ ಹಾಗೆ ಅಳು ನಿಲ್ಲಿಸಿದಳು. "ಗೊತ್ತಿಲ್ಲವ್ವ. ಯಾರಾಕಿ? ಏನಾಗಿತ್ತು?"

"ಕಾಮಣಿ."

"ಯಾವೂರು? ಏನ್ ಮಾಡ್ತಿದ್ಲು?"

"ಸಗರ. ಜಂಪರ್ ಹೊಲೀತಿದ್ಲು."

"ಹೊಲದು ಮುಗಿಸಿದ್ಲೇನು, ಹಂಗೇ ಬಿಟ್ಟಾಳ?"

ಯಾರೂ ಕೇಳದ ಮಾತು ಅದು. ಹುಡುಗಿಯ ಬಾಯಿ ಬಿಚ್ಚಿಕೊಂಡಿತು.

"ಕತ್ತರಿಸಿ ಬಿಟ್ಟಾಳ್ರಿ. ಕಾಲೇಜಿನಾಗ ಸೀರಿ ಉಡೋ ದಿನ ಇತ್ತು, ನಿನಗೂ ಒಂದು ಕತ್ತರಿಸೀನಿ, ಹೊಲಿದ ಮ್ಯಾಲ ತೋರಸ್ತೀನಿ ಅಂದಿದ್ಲು. ಗಂಟಿನಾಗ ಯಾವದು ಅಂತ ನನಗ ಗೊತ್ತಿಲ್ಲ. ಎಲ್ಲಾರೂ ಬಂದು ಒಯ್ತೀನಿ ಒಯ್ತೀನಿ ಅಂತಾರ. ನಂದು ಒಯ್ದ್ರ?"

ನನಗೂ ಇದು ಹೊಸ ಸುದ್ದಿ. ಡಾಕ್ಟರ್ ನೆಲದ ಮೇಲೆ ಕುಂತೇ ಕೇಳುತ್ತಿದ್ದಳು.

"ಹುಚ್ಚಿ ಅದೀ ನೀ," ಎಂದಳು ದಪ್ಪನೆಯ ಹೆಂಗಸು. "ಮಂದೀಗೆ ತಮ್ಮ ಬಟ್ಟಿ ಗುರ್ತು ಇರಂಗಿಲ್ಲೇನು? ಅವರು ಒಯ್ದ ಮ್ಯಾಲ ಉಳದದ್ದು ನಿಂದು."

ಹುಡುಗಿ ಆಕೆಯ ಮುಖ ನೋಡಿದಳು, ಆಮೇಲೆ ಅತ್ತಳು. ಹಾಡಿಲ್ಲ, ರಾಗವಿಲ್ಲ, ಕತ್ತೆ ಒದರಿದ ಹಾಗೆ. ನಾವ್ಯಾರೂ ಕೂಡಿಕೊಳ್ಳಲಿಲ್ಲ. ಕೂಡಿಕೊಳ್ಳುವಂಥ ಅಳು ಅಲ್ಲ ಅದು.

ಡಾಕ್ಟರ್ ಹೂಂ ಎಂದಳು, ಆದರೆ ಬರುವುದು ಬಿಡಬಾರದು ಎಂದಳು. "ಆ ದಪ್ಪನ ಅಮ್ಮನೂ ಬರ್ತಾರೇನ್ರಿ?" ಎಂದು ಹುಡುಗಿ ಕೇಳಿದಳು. ಆಕೆ ಗಂಡನ ಬೆನ್ನುನೋವಿಗೆ ಬಂದವಳು, ದವಾಖಾನೆಯವಳಲ್ಲ ಎಂದು ತಿಳಿಸಿ ಹೇಳಬೇಕಾಯಿತು.

ಹುಡುಗಿ ಕ್ಲಾಸಿಗೆ ಕುಂತಳು. ಸುರಪುರದವನು ವರನಿಗೆ ಏನು ಹೇಳಿಕೊಂಡನೋ ನಾನು ಕೇಳಲಿಲ್ಲ. ಗಂಟನ್ನು ಕಟ್ಟೆಯ ಮೇಲೆ ಬಿಚ್ಚಿದೆವು. ಹೆಂಗಸರು ಬಂದು ತಮ್ಮ ತಮ್ಮದು ಆರಿಸಿಕೊಂಡು ಹೋದರು. ಕೊನೆಗೆ ಒಂದು ಉಳಿಯಿತು. ಗಿಣಿ ಹಸಿರು, ಅದರ ಮೇಲೆ ಬದನೆಕಾಯಿ ಬಣ್ಣದ ಹೂವು. ನನ್ನ ಮಗಳಿಗೆ ಬಣ್ಣದ ಬುದ್ಧಿ ಎಂದೂ ಇರಲಿಲ್ಲ.

"ಆಯಿ, ಇಷ್ಟ್ ಕೆಟ್ಟದ್ದನ್ನ ಯಾರ್ ಹಾಕ್ಕೊಂತಾರ?" ಎಂದಳು ಹುಡುಗಿ, ಅದನ್ನು ಎದೆಗೆ ಹಿಡಿದು ಅಳತೆ ನೋಡಿಕೊಳ್ಳುತ್ತ.