ನೂರನೇ ದಿನದ ಬ್ರೆಡ್ಡು

ಅವನಿಗೆ ಜಮದಗ್ನಿ ಎಂದು ಹೆಸರಿಟ್ಟವರು ಹೆಂಡತಿಯ ಕಡೆಯವರು. ಇಟ್ಟಿದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಅನ್ನುತ್ತಾರಲ್ಲ, ಇವನಿಗೆ ಮೂಗಿನ ತನಕ ಬರುವಷ್ಟೂ ಪುರುಸೊತ್ತು ಇರಲಿಲ್ಲ, ನೇರ ಮುಷ್ಟಿಗೇ ಇಳಿಯುತ್ತಿತ್ತು. ಶಾಲೆಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ನಕ್ಕವನ ತಲೆಯ ಮೇಲೆ ಸ್ಲೇಟು ಒಡೆದ. ಮದುವೆಯ ದಿನ ಫೋಟೋದವನು "ಸ್ವಲ್ಪ ನಗಿ ಸಾರ್" ಎಂದು ಮೂರನೇ ಸಲ ಹೇಳಿದ್ದಕ್ಕೆ ಕ್ಯಾಮೆರಾ ಸಮೇತ ಅವನನ್ನು ಮೆಟ್ಟಿಲಿನಿಂದ ಕೆಳಗೆ ನೂಕಿದ. ಆ ಮದುವೆಯದು ಒಂದು ಫೋಟೋ ಕೂಡ ಇಲ್ಲ.

ಹೊಟ್ಟೆಪಾಡೂ ಹೊಡೆಯುವುದೇ. ಲಾರಿಗಳ ಅಡಿಯಲ್ಲಿ ಭಾರ ಹೊರಲು ಉಕ್ಕಿನ ಸ್ಪ್ರಿಂಗ್ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿರುತ್ತಾರಲ್ಲ, ಅವು ಮುರಿದರೆ ಹೊಸದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗಿಸಿ ಕೂರಿಸುವ ಕೆಲಸ. ಹೆಂಡತಿಯ ಅಣ್ಣನದೇ ಗ್ಯಾರೇಜು. ಭಾವ ಒಳ್ಳೆಯವನೇ, ಆದರೆ ತಮಾಷೆಯ ತೆವಲು ವಿಪರೀತ. ಪಟ್ಟಿಗಳು ಒಂದಕ್ಕೊಂದು ತಿಕ್ಕಿ ಸವೆಯದಿರಲಿ ಎಂದು ನಡುವೆ ಕರಿ ಗ್ರೀಸು ಸವರುತ್ತಾರೆ. ಒಂದು ದಿನ ಭಾವ ಆ ಗ್ರೀಸನ್ನು ಜಮದಗ್ನಿಯ ಬುತ್ತಿಯ ರೊಟ್ಟಿಗೆ ಸವರಿ, ಸುರುಳಿ ಸುತ್ತಿ, ಏನೂ ಗೊತ್ತಿಲ್ಲದವನ ಹಾಗೆ ಡಬ್ಬಿ ಮುಚ್ಚಿಟ್ಟ. ಅರ್ಧ ರೊಟ್ಟಿ ಗಂಟಲಲ್ಲಿ ಇಳಿದ ಮೇಲೆ ಇವನಿಗೆ ಗೊತ್ತಾಯಿತು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಮುಗಿಯುವಷ್ಟರಲ್ಲಿ ಭಾವನ ಬಲಗೈ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಅಣ್ಣನ ಹಾಸಿಗೆಯ ಪಕ್ಕ ನಿಂತೇ ಹೆಂಡತಿ ತೀರ್ಪು ಕೊಟ್ಟಳು. ಅಳಲಿಲ್ಲ, ಕೂಗಲಿಲ್ಲ. "ನೀವು ಎಲ್ಲಿಗಾದ್ರೂ ಹೋಗಿ. ಕೈ ಎತ್ತದೆ ಬದುಕೋದು ಕಲೀರಿ, ಆಮೇಲೆ ಕರೀರಿ, ನಾನೂ ಮಗಳೂ ಬರ್ತೀವಿ. ನಾವು ಹೊರಡೋಕೆ ಮುಂಚೆ ಒಂದೇ ಮಾತು ಕೇಳ್ತೀನಿ, ಯಾರಿಗಾದ್ರೂ ಹೊಡೆದ್ರಾ ಅಂತ. ಮಗಳ ಮೇಲೆ ಆಣೆ, ಆವತ್ತು ಸುಳ್ಳು ಹೇಳ್ಬೇಡಿ."

ಮಗಳಿಗೆ ಆಗ ಎಂಟು ವರ್ಷ. ಜಮದಗ್ನಿ ಅವಳ ತಲೆ ಮುಟ್ಟಿ ಆಯಿತು ಎಂದ. ಅವನ ಬದುಕಿನಲ್ಲಿ ಹೊಡೆಯುವುದಕ್ಕಲ್ಲದೆ ಬೇರೆಯದಕ್ಕೆ ಕೈ ಎತ್ತಿದ್ದು ಅಪರೂಪ.

ಹಾಗೆ ಸಮುದ್ರ ದಾಟಿ ಬಂದ. ಬಂದದ್ದು ಮತ್ತೆ ಸ್ಪ್ರಿಂಗ್ ಪಟ್ಟಿಯ ಶೆಡ್ಡಿಗೇ. ಅದೇ ಕುಲುಮೆ, ಪಟ್ಟಿ ಇಟ್ಟು ಬಡಿಯುವ ಅದೇ ಅಡಿಗಲ್ಲು, ಅದೇ ಕರಿ ಗ್ರೀಸಿನ ಡಬ್ಬ. ಭಾಷೆ ಮಾತ್ರ ಬೇರೆ. ಶೆಡ್ಡಿನಲ್ಲಿ ಕನ್ನಡ ಬಲ್ಲವನು ಇನ್ನೊಬ್ಬನೇ, ಬೆಸುಗೆಯವನು, ಹತ್ತು ವರ್ಷದಿಂದ ಅಲ್ಲಿದ್ದವನು. ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುವುದೂ ಅವನ ಕೆಲಸವೇ ಆಗಿಹೋಗಿತ್ತು. ಜಮದಗ್ನಿ ತನ್ನ ಕತೆಯನ್ನೆಲ್ಲ ಹೇಳಿಕೊಂಡದ್ದೂ ಅವನೊಬ್ಬನ ಬಳಿಯೇ. ಅವರಿಬ್ಬರ ಮೇಲೆ ಮೇಸ್ತ್ರಿ. ಆ ದೇಶದವನೇ, ವಯಸ್ಸಾದವನು, ಎಡಗೈಯಲ್ಲಿ ಎರಡು ಬೆರಳು ಇಲ್ಲ. ನಲವತ್ತು ವರ್ಷ ಅದೇ ಶೆಡ್ಡಿನಲ್ಲಿ ದುಡಿದಿದ್ದ. ತಪ್ಪು ಮಾಡಿದವರ ಹೆಸರು ಬರೆದು ತೂಗುಹಾಕುವ ಹಲಗೆಯೊಂದು ಬಾಗಿಲ ಬಳಿ ಇತ್ತು, ಅದರ ಮೇಲೆ ಒಂದು ದಿನವೂ ಅವನ ಹೆಸರು ಬಂದಿರಲಿಲ್ಲ. ಅದನ್ನು ಹೊಸಬರಿಗೆಲ್ಲ ಬೆರಳು ತೋರಿಸಿ ಹೇಳುತ್ತಿದ್ದ.

ಸಂಸಾರ ಕರೆಸಿಕೊಳ್ಳಬೇಕಾದರೆ ಯಜಮಾನನ ಪತ್ರ ಬೇಕು. ನೂರು ದಿನ ದುಡಿದ ಮೇಲೆ, ನಡತೆ ಒಳ್ಳೆಯದು ಎಂದು ಅವನು ಬರೆದುಕೊಡಬೇಕು. ಜಮದಗ್ನಿ ಹಲ್ಲು ಕಚ್ಚಿಕೊಂಡು ದಿನ ತಳ್ಳಿದ. ಬಸ್ಸಿನಲ್ಲಿ ಕಾಲು ತುಳಿದರೆ ಕಿಟಕಿ ನೋಡಿದ. ಕೋಣೆಯ ಜೊತೆಗಾರ ಇವನ ಹೊದಿಕೆಯಲ್ಲೇ ಬೂಟು ಒರೆಸಿದಾಗ ಬಚ್ಚಲಿಗೆ ಹೋಗಿ ಗೋಡೆಗೆ ಗುದ್ದಿದ. ಗೋಡೆಗೆ ಹೊಡೆದದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದು ತಾನೇ ತೀರ್ಮಾನಿಸಿಕೊಂಡ. ಬೆರಳ ಗೆಣ್ಣು ಊದಿಕೊಂಡು ಎಂಟು ದಿನ ಇಕ್ಕಳ ಹಿಡಿಯುವುದೇ ಕಷ್ಟವಾಯಿತು. ಉಳಿದ ಸಿಟ್ಟನ್ನೆಲ್ಲ ಕೆಂಪಗೆ ಕಾದ ಪಟ್ಟಿಯ ಮೇಲೆ ಇಳಿಸುತ್ತಿದ್ದ. ಅವನ ಸುತ್ತಿಗೆಯ ಏಟಿಗೆ ಶೆಡ್ಡಿನ ತಗಡು ಅದುರುತ್ತಿತ್ತು. ಇಂಥ ಹೊಡೆತಗಾರನನ್ನು ತಾನು ಕಂಡೇ ಇಲ್ಲ ಎಂದು ಮೇಸ್ತ್ರಿ ಮೆಚ್ಚಿಕೊಂಡ.

ನೂರನೇ ದಿನ ಬಂತು. ಆ ಶೆಡ್ಡಿಗೊಂದು ರೂಢಿ ಇತ್ತು. ಹೊಸಬನ ನೂರನೇ ದಿನ ಚಹಾ ಹೊತ್ತಿಗೆ ಎಲ್ಲರೂ ಕುಲುಮೆಯ ಸುತ್ತ ಸೇರುತ್ತಾರೆ. ಮೇಸ್ತ್ರಿ ತನ್ನ ಕೈಯಾರೆ ಒಂದು ಬ್ರೆಡ್ಡು ಸುಟ್ಟು, ಅದಕ್ಕೊಂದು ಕರಿ ಲೇಪ ದಪ್ಪಗೆ ಹಚ್ಚಿ ಕೊಡುತ್ತಾನೆ. ಮುಖ ಕಿವುಚದೆ ತಿಂದು ಮುಗಿಸಿದವನು ಅಂದಿನಿಂದ ನಮ್ಮವನು. ಮೊದಲೇ ಅವನಿಗೆ ಯಾರೂ ಹೇಳಕೂಡದು. ಈ ಕೊನೆಯ ಮಾತಿಗೆ ಕಟ್ಟುಬಿದ್ದು ಬೆಸುಗೆಯವನು ಬಾಯಿ ಮುಚ್ಚಿಕೊಂಡ. ಅವನ ಬಾಯಿಗೆ ಬೀಗ ಬೀಳಲು ಬೇರೆ ದಿನವೇ ಸಿಗಲಿಲ್ಲ ನೋಡಿ!

ಜಮದಗ್ನಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಹನ್ನೆರಡು ಜನ ಕಾಯುತ್ತಿದ್ದರು. ಎಲ್ಲರ ಮುಖದಲ್ಲೂ ತಡೆದಿಟ್ಟ ನಗು. ಮೇಸ್ತ್ರಿ ಬ್ರೆಡ್ಡು ಮುಂದೆ ಚಾಚಿದ. ಅದರ ಮೇಲೆ ಕರ್ರಗೆ, ಜಿಡ್ಡುಜಿಡ್ಡಾಗಿ, ಮಿರಮಿರ ಮಿಂಚುವ ಲೇಪ. ಮೇಸ್ತ್ರಿಯ ಕೈಲಿದ್ದದ್ದು ಪಟ್ಟಿಗೆ ಗ್ರೀಸು ಸವರುವಂಥದೇ ಚಪ್ಪಟೆ ಚಾಕು. ಪತ್ರದ ಗುಂಗಿನಲ್ಲಿದ್ದ ಇವನು ಹಿಂದುಮುಂದು ನೋಡದೆ ಒಂದು ತುತ್ತು ಕಚ್ಚಿದ. ಉಪ್ಪು ಅಂದರೆ ಉಪ್ಪು, ಕಹಿ ಅಂದರೆ ಕಹಿ, ಸುಟ್ಟ ವಾಸನೆ ಮೂಗಿಗೆ ಅಡರಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹನ್ನೆರಡೂ ಜನ ಗೊಳ್ಳೆಂದು ನಕ್ಕರು.

ಮುಂದೆ ಆದದ್ದಕ್ಕೆ ಯೋಚನೆಯ ಅಗತ್ಯವಿರಲಿಲ್ಲ, ಕೈ ತಾನೇ ಹೋಯಿತು. ಎಂಟು ಕಿಲೋ ಸುತ್ತಿಗೆ ಬೀಸುವ ಕೈ ಅದು. ಮುಷ್ಟಿ ಮೇಸ್ತ್ರಿಯ ಬಾಯಿಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು. ಮುದುಕ ಅಡಿಗಲ್ಲಿಗೆ ಬೆನ್ನು ತಾಗಿಸಿ ಕುಸಿದ, ತುಟಿ ಸೀಳಿ ರಕ್ತ ಗದ್ದದಿಂದ ಚರ್ಮದ ಏಪ್ರನ್ನಿಗೆ ಇಳಿಯಿತು, ಎರಡು ಹಲ್ಲು ನೆಲದ ಮಸಿಯಲ್ಲಿ ಬಿದ್ದವು. ಜಮದಗ್ನಿ ಅಷ್ಟಕ್ಕೆ ನಿಲ್ಲಲಿಲ್ಲ. ಅವನ ಎದೆಯ ಮೇಲೆ ಮೊಣಕಾಲೂರಿ, ಉಳಿದ ಬ್ರೆಡ್ಡನ್ನು ಒಡೆದ ಬಾಯಿಯೊಳಗೆ ತುರುಕಿದ.

"ನನಗೆ ಗ್ರೀಸು ತಿನ್ನಿಸ್ತೀಯೇನೋ? ತಿನ್ನು! ನೀನೇ ತಿನ್ನೋ ಮುದುಕಾ, ತಿನ್ನು!"

ಬೆಸುಗೆಯವನು ಹಿಂದಿನಿಂದ ಕುತ್ತಿಗೆ ತಬ್ಬಿ ಎಳೆದ, ಆಗಲಿಲ್ಲ. ಇನ್ನಿಬ್ಬರು ಬಂದರು, ಒಬ್ಬನ ಪಕ್ಕೆಗೆ ಮೊಣಕೈ ಬಿತ್ತು. ಆಗ ಮೇಸ್ತ್ರಿ ಒಂದು ಕೆಲಸ ಮಾಡಿದ. ಜಮದಗ್ನಿಯ ಕಣ್ಣನ್ನೇ ನೋಡುತ್ತ, ರಕ್ತ ಬೆರೆತ ಆ ಬ್ರೆಡ್ಡನ್ನು ಉಳಿದ ಹಲ್ಲಿನಲ್ಲೇ ನಿಧಾನಕ್ಕೆ ಅಗಿದು ನುಂಗಿದ. ತುಟಿಯಂಚಿಗೆ ಮೆತ್ತಿದ್ದನ್ನೂ ನಾಲಿಗೆಯಿಂದ ಬಳಿದುಕೊಂಡು ನುಂಗಿದ.

ಗ್ರೀಸನ್ನು ಯಾರೂ ಹಾಗೆ ನುಂಗುವುದಿಲ್ಲ. ಜಮದಗ್ನಿ ಮುದುಕನ ಎದೆಯ ಮೇಲಿಂದ ಮೊಣಕಾಲು ತೆಗೆದ.

"ತಿನ್ನೋ ಪದಾರ್ಥ ಕಣೋ ಅದು, ಪಾಪಿ!" ಬೆಸುಗೆಯವನು ಕಿರುಚಿದ. "ಮೂರು ಹೊತ್ತೂ ತಿಂತಾರೆ ಇವರು. ನಿನ್ನನ್ನ ತಮ್ಮವನು ಅಂತ ಒಪ್ಪಿಕೊಳ್ಳೋಕೆ ಕೊಟ್ಟಿದ್ದು!"

ಸದ್ದು ಕೇಳಿ ಮೇಲಿನ ಗಾಜಿನ ಕೋಣೆಯಿಂದ ಯಜಮಾನ ಇಳಿದು ಬರುತ್ತಿದ್ದ. ಬೆಸುಗೆಯವನು ಮೇಸ್ತ್ರಿಯ ಕಿವಿಯಲ್ಲಿ ಆ ಭಾಷೆಯಲ್ಲಿ ಗಡಿಬಿಡಿಯಿಂದ ಎಲ್ಲ ಒದರಿದ. ರೊಟ್ಟಿಯ ಗ್ರೀಸು, ಭಾವನ ಕೈ, ಹೆಂಡತಿಯ ಮಾತು, ಎಂಟು ವರ್ಷದ ಮಗಳು, ಪತ್ರ. ಮೇಸ್ತ್ರಿ ಬಟ್ಟೆಯಿಂದ ಬಾಯಿ ಅದುಮಿಕೊಂಡು ಕೇಳಿದ. ಯಜಮಾನ ಎದುರು ಬಂದು ನಿಂತಾಗ, ಬಾಗಿಸುತ್ತಿದ್ದ ಪಟ್ಟಿ ಬಿಗಿತ ತಪ್ಪಿ ಚಿಮ್ಮಿ ತನ್ನ ಬಾಯಿಗೆ ಬಡಿಯಿತು, ತಾನೇ ಸರಿಯಾಗಿ ಬಿಗಿದಿರಲಿಲ್ಲ ಎಂದುಬಿಟ್ಟ. ಹನ್ನೆರಡು ಜನರಲ್ಲಿ ಒಬ್ಬನೂ ಉಸಿರೆತ್ತಲಿಲ್ಲ.

ಮರುದಿನ ಬಾಗಿಲ ಬಳಿಯ ಹಲಗೆಯ ಮೇಲೆ ಮೇಸ್ತ್ರಿಯ ಹೆಸರು ಬಂತು. ಅಜಾಗರೂಕತೆ ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು. ಅದೇ ದಿನ ಜಮದಗ್ನಿಗೆ ನಡತೆ ಒಳ್ಳೆಯದು ಎಂಬ ಪತ್ರವೂ ಸಿಕ್ಕಿತು. ಅವನು ಕ್ಷಮೆ ಕೇಳಲು ಆಸ್ಪತ್ರೆಗೆ ಹೋದರೆ, ಹೊಲಿಗೆ ಹಾಕಿದ ಬಾಯಿಂದ ಮಾತಾಡಲಾಗದ ಮುದುಕ ಕೈಯಿಂದ ಎಂಟು ವರ್ಷದ ಹುಡುಗಿಯ ಎತ್ತರ ತೋರಿಸಿ, ಬೇಗ ಕರೆಸು ಎಂಬಂತೆ ಸನ್ನೆ ಮಾಡಿದ. ಜಮದಗ್ನಿ ಹೊರಗೆ ಬಂದು ರಸ್ತೆ ಪಕ್ಕದ ಬೆಂಚಿನ ಮೇಲೆ ಕೂತು ಅತ್ತ.

ಆ ಲೇಪವನ್ನು ತಿಂದೇ ತೀರಬೇಕು ಅನ್ನಿಸಿತು ಅವನಿಗೆ. ಅಂಗಡಿಯಲ್ಲಿ ಜಾಮು, ಜೇನು, ಬೆಣ್ಣೆಯ ಸಾಲುಗಳನ್ನೆಲ್ಲ ಹುಡುಕಿ, ಕೆಳಗಿನ ಶೆಲ್ಫಿನಲ್ಲಿ ಗಿಡ್ಡ ಕರಿ ಸೀಸೆಗಳನ್ನು ಕಂಡ. ಉಪ್ಪಿನ ಪೊಟ್ಟಣದಷ್ಟೇ ಸಾಧಾರಣವಾಗಿ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಒಬ್ಬಳು ಅಜ್ಜಿ ಎರಡು ಸೀಸೆ ತೆಗೆದು ಬುಟ್ಟಿಗೆ ಹಾಕಿಕೊಂಡಳು. ಇದಕ್ಕಾಗಿ ಒಬ್ಬ ಮುದುಕನ ಬಾಯಿ ಒಡೆದೆನಲ್ಲ ಎಂದು ಅವನ ಮೈಯೆಲ್ಲ ಉರಿಯಿತು.

ಕೋಣೆಗೆ ತಂದು ಬ್ರೆಡ್ಡಿಗೆ ಬೆರಳುದಪ್ಪ ಹಚ್ಚಿ ಬಾಯಿಗಿಟ್ಟ, ವಾಕರಿಸಿ ಉಗಿದ. ಬಾಯಿ ತೊಳೆದು ಮತ್ತೆ ಕಚ್ಚಿದ, ಮತ್ತೆ ಉಗಿದ. ಮೂರನೇ ಸಲ ಮೂಗು ಹಿಡಿದು ನುಂಗುವಾಗ ಬೆಸುಗೆಯವನು ಒಳಗೆ ಬಂದ.

"ಅಯ್ಯೋ ನಿನ್ನ! ಉಪ್ಪಿನಕಾಯಿನ ಅನ್ನದ ಹಾಗೆ ಕಲಸ್ಕೊಂಡು ತಿಂತೀಯೇನೋ? ಹೆಂಡದ ಪೀಪಾಯಿ ತಳದಲ್ಲಿ ಉಳಿಯುತ್ತಲ್ಲ ಗಸಿ, ಅದನ್ನ ಉಪ್ಪು ಹಾಕಿ ಬತ್ತಿಸಿದ್ದು ಇದು. ಮೊದಲು ಬೆಣ್ಣೆ, ಅದರ ಮೇಲೆ ಇದನ್ನ ಇದೆಯೋ ಇಲ್ವೋ ಅನ್ನೋ ಹಾಗೆ ಸವರಬೇಕು. ಆವತ್ತು ದಪ್ಪ ಹಚ್ಚಿದ್ದು ಪರೀಕ್ಷೆಗೆ."

ಹಾಗೆ ತೆಳ್ಳಗೆ ಸವರಿ ತಿಂದ. ಆಗಲೂ ಹಿಡಿಸಲಿಲ್ಲ. ಮರುದಿನ ತಿಂದ, ಅದರ ಮರುದಿನವೂ ತಿಂದ. ಎರಡನೇ ವಾರ ಒಂದು ಬೆಳಿಗ್ಗೆ ಬ್ರೆಡ್ಡು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹೋಯಿತು. ನಾಲಿಗೆ ಒಪ್ಪಿಕೊಂಡದ್ದು ತಿಳಿದಾಗ ಅವನಿಗೆ ಖುಷಿಯಾಗಲಿಲ್ಲ, ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಮನೆಗೆ ಫೋನು ಮಾಡಿದ. ಪತ್ರ ಬಂದ ಸುದ್ದಿ ಮೊದಲೇ ಹೇಳಿದ್ದ, ಮಗಳು ಆಗಲೇ ಚೀಲ ತುಂಬಿಟ್ಟುಕೊಂಡಿದ್ದಳಂತೆ.

"ಅಪ್ಪಾ, ನನ್ನ ಸೈಕಲ್ ತರಬಹುದಾ?"

"ಇಲ್ಲೇ ತಗೊಳ್ಳೋಣ ಪುಟ್ಟಾ. ಅಮ್ಮಂಗೆ ಕೊಡು."

ಹೆಂಡತಿ ಫೋನು ತೆಗೆದುಕೊಂಡಳು. "ಕೇಳ್ತೀನಿ ಅಂದಿದ್ದೆ. ಯಾರಿಗಾದ್ರೂ ಹೊಡೆದ್ರಾ?"

ಪತ್ರ ಜೇಬಿನಲ್ಲೇ ಇತ್ತು. ಇಲ್ಲ ಎಂದರೆ ಮುಗಿಯಿತು. ಹನ್ನೆರಡು ಜನ ಬಾಯಿ ಬಿಡುವುದಿಲ್ಲ, ಸಮುದ್ರದಾಚೆ ಇರುವವಳಿಗೆ ಹೇಳುವವರು ಯಾರು? ಇಲ್ಲ ಎನ್ನಲು ಬಾಯಿ ತೆರೆದ. ಆ ಮಾತಿಗೆ ನಾಲಿಗೆ ಹೊರಳಲಿಲ್ಲ.

"ಹೊಡೆದೆ ಕಣೇ. ಒಬ್ಬ ಮುದುಕನಿಗೆ. ಎರಡು ಹಲ್ಲು ಹೋಯ್ತು."

"ಅವನೇನು ಮಾಡಿದ್ದ?"

"ಬ್ರೆಡ್ಡು ಕೊಟ್ಟಿದ್ದ."

ಆ ಕಡೆ ಹಿಂದೆ ಎಲ್ಲೋ ಮಗಳು ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಳು.

"ನಿಜ ಹೇಳಿದ್ದಕ್ಕೆ ಫೋನು ಇಡ್ತಿಲ್ಲ," ಅಂದಳು. "ಆದ್ರೆ ನಾವು ಬರಲ್ಲ. ಇನ್ನೊಂದು ವರ್ಷ ಆಗ್ಲಿ. ಮತ್ತೆ ಕೇಳ್ತೀನಿ."

ಸೋಮವಾರ ಮೇಸ್ತ್ರಿ ಕೆಲಸಕ್ಕೆ ಮರಳಿದ. ಕೆಳತುಟಿಗೆ ಅಡ್ಡ ಗಾಯ, ಮಾತಾಡಿದರೆ ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ಸೋರುತ್ತಿತ್ತು. ಕುಲುಮೆಯ ಬಳಿ ಬಂದವನೇ ಕೈಯಿಂದ ಹುಡುಗಿಯ ಎತ್ತರ ತೋರಿಸಿ, ಯಾವಾಗ ಬರುತ್ತಾಳೆ ಎಂದು ಕೇಳಿದ. ಅಷ್ಟು ಭಾಷೆ ಜಮದಗ್ನಿಗೆ ಬಂದಿತ್ತು.

"ಬರಲ್ಲ," ಎಂದ. ಉಳಿದದ್ದಕ್ಕೆ ಬೆಸುಗೆಯವನ ಕಡೆ ತಿರುಗಿದ. "ನಾನೇ ಹೇಳಿಬಿಟ್ಟೆ ಅಂತ ಹೇಳಪ್ಪ. ಹೆಂಡತಿಗೆ ಸುಳ್ಳು ಹೇಳಕ್ಕಾಗ್ಲಿಲ್ಲ."

ಬೆಸುಗೆಯವನು ಹೇಳಿದ. ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ, ಎರಡನೇ ಸಲ ಹೇಳಿಸಿಕೊಂಡ. ಆಮೇಲೆ ಮುಖಕ್ಕೆ ರಕ್ತ ಏರಿತು. ಬಾಗಿಲ ಬಳಿಯ ಹಲಗೆಯ ಕಡೆ ಕೈ ತೋರಿಸಿ, ಗಾಯದ ಬಾಯಿಂದ ಏನೇನೋ ಕೂಗತೊಡಗಿದ.

"ನಲವತ್ತು ವರ್ಷದ ಹೆಸರು ಅಂತಿದಾನೆ," ಬೆಸುಗೆಯವನು ತಗ್ಗಿದ ದನಿಯಲ್ಲಿ ಕನ್ನಡಕ್ಕಿಳಿಸಿದ. "ಆ ಮಗು ಅಪ್ಪನ ಹತ್ತಿರ ಬರಲಿ ಅಂತ ಅದನ್ನ ಮಣ್ಣುಪಾಲು ಮಾಡ್ಕೊಂಡೆ, ನೀನು ನೀರಲ್ಲಿ ಹೋಮ ಮಾಡಿಬಿಟ್ಟೆಯಲ್ಲೋ, ಅಂತಿದಾ—"

ಮಾತು ಮುಗಿಯುವ ಮೊದಲೇ ಮೇಸ್ತ್ರಿ ಹೊಡೆದ. ಸುತ್ತಿಗೆ ಹಿಡಿದು ನಲವತ್ತು ವರ್ಷ ಗಟ್ಟಿಯಾದ ಅಂಗೈ. ಜಮದಗ್ನಿಯ ತಲೆ ಪಕ್ಕಕ್ಕೆ ತಿರುಗಿತು, ಕಿವಿ ಗುಂಯ್ ಎಂದಿತು, ಬಾಯೊಳಗೆ ರಕ್ತದ ರುಚಿ ಬಂತು. ಶೆಡ್ಡಿನ ಸುತ್ತಿಗೆಗಳೆಲ್ಲ ನಿಂತವು. ಇವನ ಬಲ ಮುಷ್ಟಿ ಬಿಗಿದದ್ದನ್ನು ಹನ್ನೆರಡು ಜನರೂ ಕಂಡರು. ಬೆಸುಗೆಯವನು ನಡುವೆ ಬೀಳಲು ಓಡಿ ಬಂದ. ಅಷ್ಟರಲ್ಲಿ ಮೇಸ್ತ್ರಿಯ ಎರಡನೇ ಏಟು ಇನ್ನೊಂದು ಕೆನ್ನೆಗೆ ಬಿತ್ತು. ಹೊಡೆದ ಮುದುಕನ ಕಣ್ಣಲ್ಲಿ ನೀರಿತ್ತು.

ಜಮದಗ್ನಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೂರನೆಯದಕ್ಕೆ ಕಾದ.